ಉಚ್ಚಂಗಪ್ಪನ ಕೈಗೆ ತಿಳಿಯದ ಜ್ವರ

ದನದ ಕಿವಿಯ ಬುಡ ಮುಟ್ಟಿ ಜ್ವರ ಹೇಳುವವರು ಊರಿಗೊಬ್ಬರು ಇರುತ್ತಾರೆ. ಆದರೆ ಪಾಯಿಂಟ್ ಸಮೇತ ಹೇಳುವವನು ಹೊಸಬಾಳೆಯ ಮಗ್ಗುಲಿಗಿರುವ ನಮ್ಮೂರಿನ ಉಚ್ಚಂಗಪ್ಪ ಒಬ್ಬನೇ. ಅವನು ನೂರಾ ಮೂರು ಪಾಯಿಂಟ್ ಎರಡು ಎಂದ ಮೇಲೆ ಪಶು ಆಸ್ಪತ್ರೆಯ ಥರ್ಮಾಮೀಟರು ಪಾಯಿಂಟ್ ಮೂರು ತೋರಿಸಿದರೆ, ಪಾಪ ಥರ್ಮಾಮೀಟರಿಗೆ ಏನಾಯಿತೋ ಎಂದು ನಮ್ಮೂರಿನವರು ಮರುಗುತ್ತಿದ್ದರು. ಸೊರಬದ ಬಸ್ ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನ ಮೂತಿ ಮುಟ್ಟಿ, ಇದು ಶಿಕಾರಿಪುರದಿಂದ ಬಂದದ್ದು, ಶಿರಾಳಕೊಪ್ಪದಲ್ಲಿ ಡ್ರೈವರ್ ಟೀ ಕುಡಿದಿದ್ದಾನೆ, ಒಂದಲ್ಲ ಎರಡು, ಎಂದು ಅವನು ಹೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆವತ್ತು ನೀವು ಊರಲ್ಲೇ ಇರಲಿಲ್ಲ ಎಂದು ನನ್ನ ಮನೆಯವರು ಹೇಳುತ್ತಾರೆ. ಆ ಮಾತಿಗೆ ಬೆಲೆ ಕೊಡಬೇಡಿ.

ವಿದ್ಯೆ ಅವನಿಗೆ ಬಂದದ್ದು ತಾಯಿಯಿಂದ. ಆಯಮ್ಮ ಹೆಂಚಿನ ಮೇಲೆ ಅಂಗೈ ಅಡ್ಡ ಹಿಡಿದು ರೊಟ್ಟಿ ತಟ್ಟುವ ಹೊತ್ತು ಗೊತ್ತು ಮಾಡುತ್ತಿದ್ದವಳು. ಮಗ ಅದನ್ನು ದನಕ್ಕೆ ತಿರುಗಿಸಿದ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರ ಕೈ ಮುಟ್ಟಿ “ನಿಮಗೆ ನೂರಾ ಒಂದು ಸಾರ್” ಎಂದು ಹೇಳಿ ಇಡೀ ಶಾಲೆಗೆ ರಜೆ ಕೊಡಿಸಿದ. ಮಾರನೆಯ ದಿನವೂ ಹೇಳಿದ. ಮೂರನೆಯ ದಿನ ಮೇಷ್ಟ್ರಿಗೆ ಜ್ವರ ಬಿಟ್ಟಿತು, ಇವನಿಗೆ ಶಾಲೆ ಬಿಟ್ಟಿತು. ಆಮೇಲೆ ಎರಡು ಎಕರೆ ಗದ್ದೆ, ಒಂದು ಜೊತೆ ಎತ್ತು, ಊರಿನ ಕಿವಿಗಳೆಲ್ಲ ಅವನ ಪಾಲಿಗೆ.

ಹೆಣ್ಣು ತಂದದ್ದು ಶಿಕಾರಿಪುರದ ಕಡೆಯಿಂದ. ಧಾರೆಯ ಹೊತ್ತಿನಲ್ಲಿ ಸುಂಕಲಮ್ಮನ ಕೈ ಹಿಡಿದವನು ಶಾಸ್ತ್ರ ನಿಲ್ಲಿಸಿ, “ತೊಂಬತ್ತೊಂಬತ್ತೂವರೆ. ಹುಡುಗಿಗೆ ನೆಗಡಿ ಬರೋದಿದೆ” ಎಂದನಂತೆ. ಸುಂಕಲಮ್ಮ ಈಗಲೂ ಅದನ್ನು ಮರೆತಿಲ್ಲ. “ಅವತ್ತಿಂದ ಇವತ್ತಿನವರೆಗೆ ಈ ಮನುಷ್ಯ ನನ್ನ ಕೈ ಹಿಡಿದಿದ್ದು ಜ್ವರ ನೋಡಾಕೆ ಮಾತ್ರ” ಎಂದು ಬಾವಿಕಟ್ಟೆಯಲ್ಲಿ ಎಲ್ಲರ ಎದುರಿಗೂ ಹೇಳುತ್ತಾಳೆ.

ಇಂಥ ಕೈ ಒಂದು ಸಲ ಸೋತಿತು. ಆ ಕಥೆ ಶುರುವಾಗುವುದು ಅವನ ಎತ್ತು ಉಪವಾಸ ಕೂತಲ್ಲಿಂದ.

ಉಚ್ಚಂಗಪ್ಪನ ಜೊತೆ ಎತ್ತುಗಳು ಕೌಲ ಮತ್ತು ಕೆಂದ. ಹನ್ನೊಂದು ವರ್ಷ ಒಂದೇ ನೊಗ, ಒಂದೇ ಗೋದಲಿ; ಕೌಲ ಬಲಕ್ಕೆ, ಕೆಂದ ಎಡಕ್ಕೆ. ಒಂದು ಸೀನಿದರೆ ಇನ್ನೊಂದು ಮೂಗು ಒರೆಸಿಕೊಳ್ಳುತ್ತಿತ್ತು. ಮೊನ್ನೆ ದನಗಳ ಗಂಟುರೋಗ ರಾಜ್ಯವೆಲ್ಲ ತಿರುಗಿದ ವರ್ಷ ಕೆಂದ ಮುಪ್ಪಿನಿಂದಲೇ ತೀರಿಕೊಂಡಿತು. ಕೌಲ ಅಂದಿನಿಂದ ಹುಲ್ಲು ಮೂಸುವುದು, ಎಡಕ್ಕೆ ತಿರುಗಿ ನೋಡುವುದು, ಮತ್ತೆ ಮುಖ ತಿರುಗಿಸುವುದು. ಹಿಂಡಿ ಇಟ್ಟರು, ಬೆಲ್ಲ ಇಟ್ಟರು, ಸುಂಕಲಮ್ಮ ಹೋಳಿಗೆಯನ್ನೇ ಇಟ್ಟಳು. ಎಡಗಡೆ ಯಾರೂ ಇಲ್ಲದಿದ್ದರೆ ಹೋಳಿಗೆಯೂ ಹುಲ್ಲೇ. ಒಂಬತ್ತು ದಿನಕ್ಕೆ ಅದರ ಪಕ್ಕೆಲುಬುಗಳ ನಡುವೆ ಬತ್ತ ನಾಟಿ ಮಾಡಬಹುದಾದಷ್ಟು ಸಾಲು ಬಿದ್ದಿತ್ತು.

“ಇದಕ್ಕೆ ಜ್ವರ ಇಲ್ಲ, ಕಾಯಿಲೆ ಇಲ್ಲ. ಜೊತೆ ಬೇಕು. ಹದಿನೈದು ದಿನದಲ್ಲಿ ಜೊತೆ ಬರದಿದ್ರೆ ಇದೂ ಹೋಗ್ತದೆ” ಎಂದ ಉಚ್ಚಂಗಪ್ಪ.

ರೋಗದ ದೆಸೆಯಿಂದ ದನದ ಸಂತೆಗಳು ನಿಂತಿದ್ದವು. ಶಿಕಾರಿಪುರದ ಆಚೆಗೆ ಸುಂಕಲಮ್ಮನ ತವರಿನ ಕಡೆಯ ಮಹೇಶ್ವರಪ್ಪ ಎಂಬವರ ಮನೆಯಲ್ಲಿ ಒಂದು ಒಂಟಿ ಎತ್ತು ಇದೆ ಎಂದು ಸುದ್ದಿ ಬಂತು. ಮೈಮೇಲೆ ಬಿಳಿ ಕಪ್ಪು ಮಚ್ಚೆ, ಹೆಸರು ಹಂಡ, ನೊಗದ ಎಡಗಡೆಯೇ ಅಭ್ಯಾಸ. ಉಚ್ಚಂಗಪ್ಪ ಲಗೇಜ್ ಆಟೋ ಮಾಡಿಕೊಂಡು ಹೋಗಿ, ಕಿವಿ ಮುಟ್ಟಿ, ಖುಷಿಯಾಗಿ, ಹಂಡನನ್ನು ಹತ್ತಿಸಿಕೊಂಡು ಬಂದ. ಬಂದದ್ದು ಮಂಗಳವಾರ ಬೆಳಿಗ್ಗೆ. ಊರು ನೋಡಿದರೆ ಊರಲ್ಲಿ ಒಬ್ಬರೂ ಇಲ್ಲ.

ಆವತ್ತು ಹೊರಬೀಡು.

ನಮ್ಮ ಕಡೆ ಕಾಯಿಲೆ ಊರಿನ ಹತ್ತಿರ ಬಂತೆಂದರೆ ಊರೇ ಊರು ಬಿಟ್ಟು ಹೋಗುತ್ತದೆ. ಒಂದು ಮಂಗಳವಾರ ಗೊತ್ತು ಮಾಡಿ, ಹೊತ್ತು ಹುಟ್ಟುವ ಮೊದಲೇ ಒಲೆ ಆರಿಸಿ, ಬೀಗ ಹಾಕಿ, ಮಂದಿ ಮಕ್ಕಳು, ದನ ಕುರಿ, ನಾಯಿ ಕೋಳಿ ಸಮೇತ ಗಡಿಯಾಚೆ ಮರದ ಕೆಳಗೆ ಇಳಿಯುವುದು. ಅಲ್ಲೇ ಅಡಿಗೆ, ಅಲ್ಲೇ ಊಟ, ಅಲ್ಲೇ ಜಗಳ. ರೋಗ ಊರೊಳಗೆ ಬಂದು ನೋಡಿದರೆ ಒಂದು ನರಪಿಳ್ಳೆಯಿಲ್ಲ, ಒಲೆಯ ಬೂದಿ ಕೂಡ ತಣ್ಣಗೆ. ಬೇಸರಪಟ್ಟು ಮುಂದಿನ ಊರಿಗೆ ಹೋಗುತ್ತದೆ. ಮುಂದಿನ ಊರಿನವರು ಈ ಬಗ್ಗೆ ಏನನ್ನುತ್ತಾರೆ ಎಂದು ನಾವು ಕೇಳಲು ಹೋಗಿಲ್ಲ. ಸಂಜೆ ಊರಬಾಗಿಲಿಗೆ ಬೇವಿನ ತೋರಣ ಕಟ್ಟಿ, ನೆಲದ ಮೇಲೆ ಒನಕೆ ಅಡ್ಡ ಇಟ್ಟು, ಒಂದೊಂದೇ ಜೀವ ಅದನ್ನು ದಾಟಿ ಒಳಗೆ ಬರಬೇಕು. ಊರಿನ ಕೊನೆಯ ಜೀವ ದಾಟುವವರೆಗೆ ಯಾರ ಮನೆಯಲ್ಲೂ ಒಲೆ ಹೊತ್ತುವಂತಿಲ್ಲ.

ಈ ಸಲ ಹಿರಿಯರಾದ ಗುರುಮಲ್ಲಪ್ಪನವರು ಒಂದು ಹೊಸ ಕಟ್ಟಳೆ ಸೇರಿಸಿದ್ದರು. ದನಗಳು ಒನಕೆ ದಾಟುವಾಗ ಉಚ್ಚಂಗಪ್ಪ ಪಕ್ಕದಲ್ಲಿ ನಿಂತು ಒಂದೊಂದರ ಕಿವಿಯೂ ಮುಟ್ಟಬೇಕು. ಬಿಸಿ ಇದ್ದದ್ದು ಹೊರಗೆ, ತಣ್ಣಗಿದ್ದದ್ದು ಒಳಗೆ. ಸರಕಾರ ಕೂಡ ಇಷ್ಟು ಚೆನ್ನಾಗಿ ಯೋಚನೆ ಮಾಡಲಾರದು ಎಂದು ನಮಗೆಲ್ಲ ಅನಿಸಿತ್ತು.

ಹಂಡನನ್ನು ಗಡಿಯ ಹತ್ತಿರ ಇಳಿಸುವ ಹೊತ್ತಿಗೆ ಸೊರಬದ ಪಶು ಆಸ್ಪತ್ರೆಯ ಡಾಕ್ಟರು ಗಂಗಾಶ್ರೀ ಅಲ್ಲೇ ಇದ್ದಳು. ಊರಿನ ದನವೆಲ್ಲ ಒಂದೇ ಕಡೆ ಸೇರಿದ ದಿನವೆಂದರೆ ಲಸಿಕೆ ಹಾಕುವವರಿಗೆ ಹಬ್ಬ. ಬೆಳಗಿನಿಂದ ಸಿರಿಂಜು ಹಿಡಿದು ಓಡಾಡುತ್ತಿದ್ದಳು. ಶಿಕಾರಿಪುರದ ಹುಡುಗಿ, ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಹಂಡನನ್ನು ಕಂಡವಳೇ ಓಡಿ ಬಂದಳು.

“ಅಜ್ಜಾರೆ, ಇದು ಎಲ್ಲಿಂದ ಬಂತ್ರಿ?”

ಉಚ್ಚಂಗಪ್ಪ ಹೇಳಿದ. ಅವಳು ಅಲ್ಲೇ ನಿಂತು ಶಿಕಾರಿಪುರದ ಕಡೆಯ ತನ್ನ ಜೊತೆಗಾರರಿಗೆ ಫೋನು ಮಾಡಿದಳು. ಫೋನು ಇಟ್ಟಾಗ ಮುಖ ಸಣ್ಣದಾಗಿತ್ತು.

“ಮಹೇಶ್ವರಪ್ಪಾರ ಪಕ್ಕದ ಮನಿ ಹಸುವಿಗೆ ನಿನ್ನೆ ಮೈತುಂಬ ಗಂಟು ಎದ್ದಾವಂತ್ರಿ. ನಡುವೆ ಇರೋದು ಒಂದೇ ಗೋಡಿ. ಕಚ್ಚೋ ನೊಣಕ್ಕೆ ಗೋಡಿ ಲೆಕ್ಕಕ್ಕಿಲ್ಲ. ಈ ಎತ್ತನ್ನ ಇಪ್ಪತ್ತೆಂಟು ದಿನ ಊರ ಹೊರಗ ಬ್ಯಾರೆ ಕಟ್ಟಬೇಕು.”

“ಇಪ್ಪತ್ತೆಂಟು ದಿನ!” ಉಚ್ಚಂಗಪ್ಪನ ಕೈಯಿಂದ ಹಗ್ಗ ಜಾರಿತು. “ಡಾಕ್ಟ್ರಮ್ಮ, ಅಷ್ಟರಲ್ಲಿ ನನ್ನ ಕೌಲನ ತಿಥಿ ಆಗಿರ್ತದೆ. ಇದಕ್ಕೆ ಜ್ವರನೇ ಇಲ್ಲ. ನೂರಾ ಒಂದು ಪಾಯಿಂಟ್ ನಾಲ್ಕು. ದನಕ್ಕೆ ಅದು ಸರಿಯಾದ ಬಿಸಿ. ನಿಮ್ಮ ಕಡ್ಡಿ ಹಾಕಿ ನೋಡ್ರಿ.”

ಅವಳು ಹಾಕಿ ನೋಡಿದಳು. ನೂರಾ ಒಂದು ಪಾಯಿಂಟ್ ನಾಲ್ಕು.

“ನೋಡಿದ್ರಾ?”

“ನೋಡಿದೆ. ಜ್ವರ ಇಲ್ಲ. ನನಗ ಭಯ ಆಗಿರೋದೇ ಅದಕ್ಕ.”

ಆ ಹೊತ್ತಿಗೆ ಸರಿಯಾಗಿ, ಯಾರೂ ಹೇಳಿಕೊಡದೆ, ಒಂದು ಘಟನೆ ನಡೆಯಿತು. ನಲವತ್ತು ಮಾರು ದೂರದ ಮರಕ್ಕೆ ಕಟ್ಟಿದ್ದ ಕೌಲ ಗಾಳಿಗೆ ಮೂಗೆತ್ತಿತು. ಹಂಡನ ವಾಸನೆ ಸಿಕ್ಕಿರಬೇಕು. ಇಷ್ಟು ದಿನ ಬಾಯಿ ತೆರೆಯದ ಎತ್ತು “ಅಂಬಾ” ಎಂದು ಕೂಗಿತು. ಆ ಕೂಗಿಗೆ ಕುಬಟೂರಿನ ಗುಡಿಯ ಕಲ್ಲಿನ ನಂದಿ ಕಿವಿ ನಿಮಿರಿಸಿತೆಂದು ಆಮೇಲೆ ಸುದ್ದಿಯಾಯಿತು. ಸುದ್ದಿ ಮಾಡಿದವನು ನಾನೇ. ಉಚ್ಚಂಗಪ್ಪ ಮಾತ್ರ ತಲೆ ತಗ್ಗಿಸಿ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ.

ಮಧ್ಯಾಹ್ನ ಎಲೆ ಹಾಕಿದರು. ಗಂಗಾಶ್ರೀಯನ್ನು ನಡುವೆ ಕೂರಿಸಿದೆವು. ಗುರುಮಲ್ಲಪ್ಪನವರು ಅನ್ನ ಕಲಸುತ್ತ, “ಅಲ್ಲಮ್ಮಾ, ಜ್ವರ ಇಲ್ಲದ ರೋಗಕ್ಕೆ ಹೆದರೋದು ಅಂದ್ರೆ, ಮಳೆ ಇಲ್ಲದ ನೆರೆಗೆ ಹೆದರಿದಂಗೆ” ಎಂದು ಕೆಣಕಿದರು.

“ಜ್ವರ ಅಂದ್ರ ರೋಗ ಅಲ್ರಿ, ಜ್ವರ ಅಂದ್ರ ಕೂಗು” ಎಂದಳು ಅವಳು. “ದನದ ಮೈ ಅಂದ್ರ ಕೋಟಿ ಕೋಟಿ ಮನಿ ಇರೋ ಊರು ಅಂತ ತಿಳ್ಕೊಳ್ರಿ. ಒಂದೊಂದು ಜೀವಕೋಶ ಒಂದೊಂದು ಮನಿ. ವೈರಸ್ಸು ಮನಿಯೊಳಗ ನುಗ್ಗಿ, ಆ ಮನಿ ಒಲಿ ಮ್ಯಾಲೆ ತನ್ನ ಅಡಿಗಿ ಮಾಡ್ಕೊಳ್ಳೋ ಕಳ್ಳ. ಪೊಲೀಸ್ರು ಅದಾರ, ಅವರು ಬರೋದು ವಾರ ಆದ ಮ್ಯಾಲೆ.”

“ಅದು ಸರಿ. ನಮ್ಮ ಕಡೇನೂ ಹಂಗೇ” ಎಂದರು ಗುರುಮಲ್ಲಪ್ಪನವರು.

“ಅಲ್ಲೀತನಕ ಏನು? ಅದಕ್ಕ ಒಂದೊಂದು ಮನಿಯೊಳಗೂ ಒಬ್ಬೊಬ್ಬ ಕಾವಲುಗಾರ. ಅವನಿಗೆ ಗೊತ್ತಿರೋದು ಒಂದೇ ಕೆಲಸ. ಮನಿ ದಸ್ತಾವೇಜು ಇರೋದು ಒಳಕೋಣಿ ಪೆಟ್ಟಿಗಿಯಾಗ. ಅಂಥ ಕಾಗದ ಏನಾದ್ರೂ ಅಡಿಗಿಮನಿಯಾಗ ಬಿದ್ದಿತ್ತು ಅಂದ್ರ, ಅದು ನಮ್ಮದಲ್ಲ, ಕಳ್ಳ ತಂದಿದ್ದು. ಕೂಡ್ಲೆ ಒಂದು ಚೀಟಿ ಬರೀತಾನ. ಚೀಟಿ ಮನಿ ಯಜಮಾನಗ ಹೋಗ್ತೈತಿ. ಯಜಮಾನ ಹಿತ್ತಲಿಗೆ ಬಂದು ಕೂಗ್ತಾನ, ಕಳ್ಳ ಬಂದಾನ್ರೋ ಅಂತ. ಆ ಕೂಗಿಗೆ ಇಂಟರ್‌ಫೆರಾನ್ ಅಂತೀವಿ.”

“ಹೆಸರು ಬಿಡು, ಕೂಗು ಅನ್ನು. ಕೂಗಿದ್ರೆ ಏನಾಗ್ತದೆ?” ಎಂದ ಉಚ್ಚಂಗಪ್ಪ. ಅವನ ಎಲೆಯಲ್ಲಿ ಅನ್ನ ಹಾಗೇ ಇತ್ತು.

“ಕೇಳಿದ ನೆರೆಮನಿಯೋರೆಲ್ಲ ಅಗಳಿ ಹಾಕ್ಕೊಂಡು ಒಲಿ ಆರಿಸಿಬಿಡ್ತಾರ. ಒಲಿ ಆರಿದ್ರ ಕಳ್ಳಗ ಅಡಿಗಿ ಇಲ್ಲ.”

“ಇದು ನಮ್ಮ ಹೊರಬೀಡೇ ಆತಲ್ಲ!” ಸುಂಕಲಮ್ಮ ಬಡಿಸುವ ಸೌಟು ಎತ್ತಿ ಹಿಡಿದಳು. “ಹಂಗಾದ್ರೆ ದನದ ಮೈಗೂ ನಮ್ಮಷ್ಟೇ ಬುದ್ಧಿ ಐತೆ ಅನ್ನು.”

“ನಿಮಗಿಂತ ಚೂರು ಜಾಸ್ತಿ ಅಮ್ಮಾರೆ. ಅದು ಒಂದು ದಿನಕ್ಕ ಅಲ್ಲ, ಕಳ್ಳ ಹೋಗೋತನಕ ಒಲಿ ಹಚ್ಚಂಗಿಲ್ಲ. ಈ ಕೂಗಾಟ ಊರೆಲ್ಲ ಹಬ್ಬಿದಾಗ ಮೈ ಬಿಸಿ ಆಗ್ತೈತಿ. ಅದೇ ಜ್ವರ. ಅಜ್ಜಾರ ಕೈಗೆ ಸಿಗೋದು ಕಳ್ಳ ಅಲ್ಲ, ಆ ಕೂಗು.”

ಉಚ್ಚಂಗಪ್ಪ ತನ್ನ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡ. ಅರವತ್ತು ವರ್ಷ ಜೊತೆಗಿದ್ದವನು ಬೇರೆ ಊರಿನವನು ಎಂದು ಗೊತ್ತಾದಂತೆ.

“ಈ ಗಂಟುರೋಗದ ವೈರಸ್ಸು ಸಿಡುಬಿನ ವಂಶದ್ದು. ಆ ವಂಶದೋರು ಹಳೇ ಕಳ್ಳರು, ಕೂಗದಂಗ ಮಾಡೋದು ಗೊತ್ತು. ಒಳಗ ಬಂದ ಕೂಡ್ಲೆ ಅಡಿಗಿಮನಿ ಮೂಲಿಗೆ ತಮ್ಮದೇ ಪರದೆ ಕಟ್ಕೊಂಡು ಅದರ ಹಿಂದ ಕೂರ್ತಾರ, ಕಾವಲುಗಾರನ ಕಣ್ಣಿಗೆ ಬೀಳಬಾರ್ದು ಅಂತ. ಕಂಡುಬಿಟ್ಟ, ಚೀಟಿ ಬರೆದ ಅನ್ಕೊಳ್ರಿ. ಕೆಲವ್ರ ಕೈಯಾಗ ಕತ್ತರಿ ಇರ್ತೈತಿ. ಚೀಟಿ ಯಜಮಾನಗ ಮುಟ್ಟೋದ್ರೊಳಗ ಚೂರು ಚೂರು.”

“ಥೂ ಅವನ!” ಎಂದರು ಗುರುಮಲ್ಲಪ್ಪನವರು. ಮೊಸರು ಹಾಕಿಸಿಕೊಳ್ಳುವುದನ್ನು ಮರೆತಿದ್ದರು.

“ಒಲಿ ಆರಿಸೋಕೆ ಒಬ್ಬ ನೀರು ಹಿಡ್ಕೊಂಡು ಬರ್ತಾನಲ್ರಿ, ಅವನ ಮುಂದ ಒಂದು ಸುಳ್ಳು ಒಲಿ ಇಡ್ತಾರ. ಅವ ಅದರ ಮ್ಯಾಲೇ ನೀರು ಸುರೀತಾ ನಿಂತಿರ್ತಾನ. ಹಿಂದ ಖರೇ ಒಲಿ ಉರೀತಾ ಇರ್ತೈತಿ.”

“ನಮ್ಮ ಪಂಚಾಯ್ತಿ ನಲ್ಲಿ ಥರ” ಎಂದು ಯಾರೋ ಹಿಂದಿನಿಂದ ಅಂದರು.

“ಇಷ್ಟಾದ್ರೂ ಯಜಮಾನ ಕೂಗೇಬಿಟ್ಟ ಅನ್ನಿ. ಅದಕ್ಕೂ ಉಪಾಯ ಐತಿ. ಬೀದಿ ತುಂಬ ಸುಳ್ಳು ಕಿವಿ ಮಾಡಿ ಚೆಲ್ಲಿರ್ತಾರ. ಕೂಗು ನೆರೆಮನಿ ಕಿವಿಗೆ ಬೀಳೋ ಮೊದಲೇ ಈ ಸುಳ್ಳು ಕಿವಿ ಅದನ್ನ ನುಂಗಿಬಿಡ್ತಾವ. ನೆರೆಯೋರು ಅಗಳಿ ಹಾಕಲ್ಲ. ಕಳ್ಳ ಮನಿಯಿಂದ ಮನಿಗೆ ದಾಟ್ತಾ ಇರ್ತಾನ. ಕೂಗಿಲ್ಲ, ಬಿಸಿ ಇಲ್ಲ. ದನ ಮೇಯ್ಕೊಂಡು ಬಾಲ ಬೀಸ್ಕೊಂಡು ಆರಾಮ ಇರ್ತೈತಿ. ಒಂದು ವಾರ, ಎರಡು ವಾರ, ಇನ್ನೂ ಹೆಚ್ಚೂ ಆಗಬಹುದು. ಆಮೇಲೆ ಕೂಗು ಎದ್ದಾಗ ಕಾಲ ಮೀರಿರ್ತೈತಿ.”

“ಹಂಡನೊಳಗೆ ಹಂಗೇ ನಡೀತಾ ಐತೆ ಅಂತೀಯಾ?” ಎಂದ ಉಚ್ಚಂಗಪ್ಪ.

“ಗೊತ್ತಿಲ್ರಿ. ಏನೂ ಇಲ್ಲದೆನೂ ಇರಬಹುದು. ನನ್ನ ಕಡ್ಡಿಗೂ ಗೊತ್ತಾಗಲ್ಲ, ನಿಮ್ಮ ಕೈಗೂ ಗೊತ್ತಾಗಲ್ಲ. ಕೌಲಗ ಇವತ್ತು ಲಸಿಕಿ ಹಾಕೀನಿ, ಅದು ಮೈಗೆ ಹತ್ತಾಕೆ ಮೂರು ವಾರ ಬೇಕು. ಅಲ್ಲೀತನಕ ಎರಡನ್ನೂ ಕೂಡಿಸಬ್ಯಾಡ್ರಿ.”

ಉಚ್ಚಂಗಪ್ಪ ಎಲೆ ಮಡಿಚಿಟ್ಟು ಎದ್ದ. ಅನ್ನ ಹಾಗೇ ಇತ್ತು. ಕೌಲ ಮರದ ಕೆಳಗೆ ಹಗ್ಗ ಬಿಗಿಯಾಗುವಷ್ಟು ಮುಂದೆ ಬಂದು ಹಂಡನ ಕಡೆಗೇ ನೋಡುತ್ತಿತ್ತು.

ಸಂಜೆ ಒನಕೆ ಇಟ್ಟರು. ಇನ್ನೂರ ಹನ್ನೆರಡು ದನ ಸಾಲಾಗಿ ದಾಟಿದವು. ಊಟಕ್ಕೆ ಮೊದಲೇ ಗಂಗಾಶ್ರೀ ಸೋಪು ಹಾಕಿ ತೊಳೆಸಿದ್ದ ಉಚ್ಚಂಗಪ್ಪನ ಕೈ ಗಿರಣಿಯ ಹಾಗೆ ಓಡುತ್ತಿತ್ತು. ನೂರಾ ಒಂದು, ನೂರಾ ಒಂದೂವರೆ, ಮುಂದೆ, ಮುಂದೆ. ಅವಸರದಲ್ಲಿ, ಬಗ್ಗಿ ದಾಟುತ್ತಿದ್ದ ಗುರುಮಲ್ಲಪ್ಪನವರ ಕಿವಿಯನ್ನೂ ಮುಟ್ಟಿ “ತೊಂಬತ್ತೆಂಟೂವರೆ, ಹೋಗಿ” ಎಂದ. ಕೊನೆಗೆ ಹೊರಗೆ ಉಳಿದದ್ದು ಕೌಲ ಮತ್ತು ದೂರದಲ್ಲಿ ಹಂಡ.

ಮಧ್ಯಾಹ್ನದ ಊಟದ ಮೇಲೆ ಒಲೆ ಕಾಣದ ಇಡೀ ಊರು ಒನಕೆಯ ಒಳಮಗ್ಗುಲಲ್ಲಿ ನಿಂತಿತ್ತು. ಚಹಾ ಇಲ್ಲದ ಗಂಡಸರ ಮುಖ ನೋಡಲಾಗುತ್ತಿರಲಿಲ್ಲ.

“ಹಂಡನ್ನೂ ಮುಟ್ಟಿ ದಾಟಿಸೋ ಉಚ್ಚಂಗಿ” ಎಂದರು ಗುರುಮಲ್ಲಪ್ಪನವರು. “ಆ ಹುಡುಗಿ ಹೇಳಿದ ಕಥೆ ಚೆಂದ ಐತೆ, ಇಲ್ಲ ಅನ್ನಲ್ಲ. ಆದ್ರೆ ಲೆಕ್ಕ ಹಾಕು. ನಾವೆಲ್ಲ ಊರು ಬಿಟ್ಟಿದ್ದು ಬೆಳಗಿಂದ. ಹಂಡ ಹುಟ್ಟಿದಾಗಿಂದ ನಮ್ಮೂರ ಹೊರಗೇ ಐತೆ. ಅದಕ್ಕಿಂತ ದೊಡ್ಡ ಹೊರಬೀಡು ಯಾರು ಮಾಡಿದಾರೆ? ಅದಕ್ಕಿಂತ ಮಡಿ ಯಾರು?”

ಈ ಲೆಕ್ಕಕ್ಕೆ ಊರೆಲ್ಲ ತಲೆದೂಗಿತು. ನಾನೂ ತೂಗಿದೆ. ಹಸಿದಾಗ ಎಲ್ಲ ಲೆಕ್ಕವೂ ಸರಿ ಕಾಣುತ್ತದೆ.

ಉಚ್ಚಂಗಪ್ಪ ಹಂಡನ ಹತ್ತಿರ ಹೋದ. ಕಿವಿಯ ಬುಡಕ್ಕೆ ಕೈ ಇಟ್ಟ. ತೆಗೆಯಲಿಲ್ಲ. ಬಸ್ಸಿಗಾದರೂ ಅವನು ಅಷ್ಟು ಹೊತ್ತು ಕೈ ಇಟ್ಟವನಲ್ಲ. ಆ ಎತ್ತನ್ನು ಒಳಗೆ ಹೊಡೆದರೆ ಕೌಲ ಇವತ್ತು ರಾತ್ರಿಯೇ ಹುಲ್ಲು ತಿನ್ನುತ್ತದೆ, ಅದು ಅವನಿಗೆ ಖಂಡಿತ ಗೊತ್ತು. ಒಳಗೆ ಹೊಡೆದರೆ ಇನ್ನೇನಾಗಬಹುದು ಎಂಬುದು ಖಂಡಿತ ಗೊತ್ತಿಲ್ಲ.

“ಎಷ್ಟೋ?” ಎಂದು ಕೂಗಿದರು ಗುರುಮಲ್ಲಪ್ಪನವರು.

“ನೂರಾ ಒಂದು ಪಾಯಿಂಟ್ ನಾಲ್ಕು.”

“ಮತ್ತಿನ್ನೇನು, ಹೊಡಿ!”

“ನನ್ನ ಕೈಗೆ ಗೊತ್ತಾಗ್ತಿಲ್ಲ.”

ಆ ಮಾತು ಕೇಳಿ ಅರಳಿಮರದ ಕಾಗೆಗಳು ಕೆಳಗೆ ಬಿದ್ದವು ಎಂದರೆ ನೀವು ನಂಬುವುದಿಲ್ಲ, ಅದಕ್ಕೆ ಒಂದೇ ಕಾಗೆ ಬಿತ್ತು ಎನ್ನುತ್ತೇನೆ.

“ಏನು ಗೊತ್ತಾಗ್ತಿಲ್ಲ?”

“ಒಳಗೆ ಕೂಗೋರು ಸುಮ್ಮನಿದಾರೋ, ಕೂಗೋರ ಬಾಯಿ ಕಟ್ಟಿದಾರೋ. ತಣ್ಣಗಿರೋದು ಎರಡು ಥರ ಇರ್ತದೆ ಅಂತ ಇವತ್ತು ಮಧ್ಯಾಹ್ನದ ತನಕ ನಂಗೆ ಗೊತ್ತಿರ್ಲಿಲ್ಲ.”

“ಹಂಗಾದ್ರೆ ಈಗ ಇನ್ನೂರ ಹನ್ನೆರಡು ಕಿವಿ ಹಿಂಡಿದ್ದು ಯಾತಕ್ಕೋ?”

“ಅವು ಎಲ್ಲೂ ಹೋಗಿಲ್ಲ ಗುರುಮಲ್ಲಣ್ಣ. ಇದು ರೋಗದ ಗೋಡೆ ಪಕ್ಕದಿಂದ ಬಂದಿದ್ದು. ನಾನೇ ತಂದಿದ್ದು.”

ಆಗ ಸುಂಕಲಮ್ಮ ಸೆರಗು ಸಿಕ್ಕಿಸಿಕೊಂಡು ಒನಕೆಯಿಂದ ಹೊರಗೆ ಬಂದಳು. “ಹಂಡ ಇನ್ನೂ ನಮ್ಮೂರಿನ ಜೀವ ಆಗಿಲ್ಲ, ನೆಂಟ. ನೆಂಟರು ದಾಟದಿದ್ರೂ ಒಲೆ ಹಚ್ಚಬಹುದು. ನಮ್ಮೂರಿನ ಕೊನೇ ಜೀವ ಕೌಲ. ನೆಂಟನ್ನ ನಾನು ನೋಡ್ಕೋತೀನಿ. ನೀವು ಕೌಲನ್ನ ಹೊಡ್ಕೊಂಡು ಹೋಗ್ರಿ, ಈ ಜನ ಚಹಾ ಇಲ್ಲದೆ ನಮ್ಮನ್ನೇ ತಿಂದಾರು.”

ಗಂಗಾಶ್ರೀ ಉಚ್ಚಂಗಪ್ಪನ ಕೈಗೆ ಮತ್ತೆ ಮೊಣಕೈವರೆಗೆ ಸೋಪು ತಿಕ್ಕಿಸಿದಳು, ಅಂಗಿ ಪಂಚೆ ಎರಡನ್ನೂ ಬಿಚ್ಚಿಸಿದಳು. ಗುರುಮಲ್ಲಪ್ಪನವರ ಶಾಲು ಸುತ್ತಿಕೊಂಡು ಅವನು ಕೌಲನ ಹತ್ತಿರ ಬಂದ. ಆದರೆ ಕೌಲ ಕದಲಲೊಲ್ಲದು. ಎಂಟು ಜನ ತಳ್ಳಿದರು, ನಾಲ್ಕು ಜನ ಎಳೆದರು. ಭೂಮಿ ಸರಿಯಿತೇ ಹೊರತು ಎತ್ತು ಸರಿಯಲಿಲ್ಲ. ಅದು ಹಂಡನ ಕಡೆಗೇ ಕತ್ತು ತಿರುಗಿಸಿ ನಿಂತಿತ್ತು.

ಉಚ್ಚಂಗಪ್ಪ ಎಲ್ಲರನ್ನೂ ದೂರ ಸರಿಸಿದ. ಕೌಲನ ಎಡಗಡೆಗೆ ಹೋಗಿ, ಕೆಂದ ನಿಲ್ಲುತ್ತಿದ್ದ ಜಾಗದಲ್ಲಿ ಬಗ್ಗಿ ನಿಂತು, ತನ್ನ ಹೆಗಲನ್ನು ಅದರ ಹೆಗಲಿಗೆ ಒತ್ತಿದ. “ಹೋಯ್” ಎಂದ. ಕೌಲ ಕಿವಿ ಅಲ್ಲಾಡಿಸಿತು. ಇವನು ಒಂದು ಹೆಜ್ಜೆ ಇಟ್ಟ, ಅದೂ ಇಟ್ಟಿತು. ಶಾಲು ಸುತ್ತಿಕೊಂಡ ಒಂದು ಎತ್ತು, ಬರೀ ಮೈಯ ಒಂದು ಎತ್ತು, ಹೀಗೆ ಒಂದು ಜೊತೆ ಒನಕೆ ದಾಟಿತು. ನಗಬೇಕೆಂದು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡು ಒಲೆ ಹಚ್ಚಲು ಹೋದರು.

ಆವತ್ತಿನಿಂದ ಉಚ್ಚಂಗಪ್ಪನ ವಾಸ ಕೊಟ್ಟಿಗೆಯಲ್ಲಿ. ಹುಲ್ಲು ಹಾಕಿದರೆ ಕೌಲ ಎಂದಿನಂತೆ ಎಡಕ್ಕೆ ನೋಡುತ್ತಿತ್ತು. ಅಲ್ಲಿ ಉಚ್ಚಂಗಪ್ಪ ನಾಲ್ಕು ಕಾಲಲ್ಲಿ ನಿಂತು, ಗೋದಲಿಯೊಳಗೆ ತಲೆ ಹಾಕಿ, ಅಲ್ಲಿ ಸುರಿದಿಟ್ಟ ಮಂಡಕ್ಕಿಯನ್ನು ಕರುಕುರು ಸದ್ದು ಮಾಡುತ್ತ ತಿನ್ನುತ್ತಿದ್ದ. ಮೊದಲ ದಿನ ಕೌಲ ಇದನ್ನು ಅನುಮಾನದಿಂದ ನೋಡಿತು. ಎರಡನೆಯ ದಿನ ಒಂದು ಎಸಳು ಹುಲ್ಲು ಬಾಯಿಗೆ ಹಾಕಿಕೊಂಡು ಜಗಿಯುವುದನ್ನು ಮರೆಯಿತು. ಮೂರನೆಯ ದಿನ ಉಚ್ಚಂಗಪ್ಪ ಅಳತೆ ಮೀರಿ ಮಂಡಕ್ಕಿ ತಿಂದು ತೇಗಿದ. ಆ ತೇಗು ಕೆಂದನ ತೇಗಿಗೆ ಹತ್ತಿರವಿದ್ದಿರಬೇಕು. ಕೌಲ ಬಗ್ಗಿ ಒಂದು ಹಿಡಿ ಹುಲ್ಲು ಎಳೆದು ನಿಜವಾಗಿ ಜಗಿಯಿತು.

“ತಿಂತು! ತಿಂತು!” ಎಂದು ಅವನು ಕೂಗಿದ್ದಕ್ಕೆ ಊರೇ ಓಡಿ ಬಂತು. ಜನ ಕಂಡು ಕೌಲ ಮತ್ತೆ ನಿಲ್ಲಿಸಿತು. ಉಚ್ಚಂಗಪ್ಪ ಎಲ್ಲರನ್ನೂ ಬೈದು ಓಡಿಸಿದ. ದಿನಕ್ಕೆ ಆರು ಸಲ ಇದು ನಡೆಯಬೇಕು. ವಾರದಲ್ಲಿ ನಮ್ಮೂರಿನ ಅಂಗಡಿಯಲ್ಲಿ ಮಂಡಕ್ಕಿ ಮುಗಿದು ಸೊರಬದಿಂದ ಚೀಲಗಟ್ಟಲೆ ತರಿಸಬೇಕಾಯಿತು. ಮಧ್ಯಾಹ್ನ ಅವನು ಮೆಲುಕು ಹಾಕುತ್ತಿದ್ದುದನ್ನೂ ಕಂಡವರಿದ್ದಾರೆ.

ಅತ್ತ ಸುಂಕಲಮ್ಮ ಮುಕ್ಕಾಲು ಮೈಲಿ ದೂರದ ಹಾಳು ಕಣದ ಗುಡಿಸಲಿನಲ್ಲಿ ಹಂಡನನ್ನು ನೋಡಿಕೊಳ್ಳುತ್ತ ಅಲ್ಲೇ ಉಳಿದಳು. ನಾಲ್ಕು ಮಂಚದ ಸೊಳ್ಳೆಪರದೆ ಒಟ್ಟಿಗೆ ಹೊಲಿದು ಎತ್ತಿನ ಮೇಲೆ ಕಟ್ಟಿದಳು. ಪಕ್ಕದಲ್ಲಿ ಬೇವಿನ ಸೊಪ್ಪಿನ ಹೊಗೆ. ಪರದೆಯೊಳಗೆ ಹಂಡ ಮದುವಣಗಿತ್ತಿಯ ಹಾಗೆ ಕೂತಿರುತ್ತಿತ್ತು. ಗಂಡ ಹೆಂಡತಿ ಹತ್ತಿರ ಸೇರುವಂತಿಲ್ಲ, ಅದು ಡಾಕ್ಟರ ಕಟ್ಟಳೆ. ದಿನಾ ಸಂಜೆ ಕೆರೆ ಏರಿಯ ಈ ತುದಿಗೆ ಇವನು, ಆ ತುದಿಗೆ ಅವಳು. ಅವರ ಸಂಸಾರದ ಮಾತು ಕೇಳಲು ಏರಿಯ ಕೆಳಗೆ ಜನ ಬಂದು ಕೂರುತ್ತಿದ್ದರು.

“ಕೌಲ ತಿಂತಾ?”

“ಒಂದು ಹೊರೆ! ಹಂಡನ ಕಿವಿ?”

“ತಣ್ಣಗೈತೆ! ನೀವು ಊಟ ಮಾಡಿದ್ರಾ?”

“ಮಂಡಕ್ಕಿ!”

“ಅಯ್ಯೋ ನನ್ನ ಕರ್ಮ!”

ಹತ್ತನೆಯ ದಿನ ಅವಳು ಬೇಗ ಬಂದು ನಿಂತಿದ್ದಳು.

“ಕಿವಿ ಬಿಸಿ ಐತೆ ರೀ!”

“ಎಷ್ಟು?”

“ನನಗೇನು ನಿಮ್ಮಂಗೆ ಪಾಯಿಂಟ್ ಗೊತ್ತಾಗ್ತದಾ? ಹಬ್ಬದ ದಿನ ಹೋಳಿಗೆ ಹೊತ್ತಿಸಿದಾಗ ನಿಮ್ಮವ್ವನ ಮುಖ ಆಗ್ತಿತ್ತಲ್ಲ, ಅಷ್ಟು!”

ಉಚ್ಚಂಗಪ್ಪ ಕಣ್ಣು ಮುಚ್ಚಿ ಯೋಚಿಸಿದ. “ನೂರಾ ನಾಲ್ಕೂವರೆ” ಎಂದವನೇ ಗಂಗಾಶ್ರೀಗೆ ಫೋನು ಹಚ್ಚಿದ. ಅವಳು ಬಂದು ಕಡ್ಡಿ ಹಾಕಿದಳು. ನೂರಾ ನಾಲ್ಕು ಪಾಯಿಂಟ್ ಆರು. ಎರಡು ದಿನ ಬಿಟ್ಟು ಹಂಡನ ಕತ್ತಿನ ಮೇಲೆ, ಪಕ್ಕೆಯ ಮೇಲೆ ನಿಂಬೆಕಾಯಿಯಷ್ಟು ಗಂಟುಗಳು ಎದ್ದವು. ಹತ್ತು ದಿನ ಬಾಲ ಬೀಸಿಕೊಂಡು ತಣ್ಣಗಿದ್ದ ಎತ್ತಿನೊಳಗೆ, ಆ ಹತ್ತೂ ದಿನ, ಯಾರದೋ ಒಲೆಯ ಮೇಲೆ ಯಾರೋ ಅಡಿಗೆ ಮಾಡಿಕೊಳ್ಳುತ್ತಿದ್ದರು.

ಆ ಸುದ್ದಿ ಬಂದ ದಿನ ಗುರುಮಲ್ಲಪ್ಪನವರು ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಎರಡು ಬೆನ್ನು ಕಾಣುತ್ತಿದ್ದವು. “ಮಂಡಕ್ಕಿಗೆ ಸ್ವಲ್ಪ ಖಾರ ಹಚ್ಚಿ ಕಳಿಸ್ಲೇನೋ?” ಎಂದರು. ನಮ್ಮೂರಿನಲ್ಲಿ ತಪ್ಪಾಯಿತು ಎಂದು ಹೇಳುವುದು ಹೀಗೆ.

ಗಂಗಾಶ್ರೀ ದಿನ ಬಿಟ್ಟು ದಿನ ಬಂದು ಹಂಡನಿಗೆ ಔಷಧಿ ಕೊಟ್ಟಳು. ಸುಂಕಲಮ್ಮ ಗಂಟಿಗೆ ಬೇವು ಅರಿಶಿನ ಹಚ್ಚಿದಳು, ಅಕ್ಕಿ ತೊಳೆದ ಅಕ್ಕಚ್ಚು ಕುಡಿಸಿದಳು. ಹಂಡ ಒಣಗಿತು, ಬಾಡಿತು, ಒಂದು ದಿನ ಏಳಲೂ ಇಲ್ಲ, ಆಮೇಲೆ ಎದ್ದಿತು. ಗಂಟುಗಳು ಉದುರಿ ಕಲೆಗಳಾಗುವ ಹೊತ್ತಿಗೆ ಹೆಚ್ಚೂಕಡಿಮೆ ಎರಡು ತಿಂಗಳು. ಊರೊಳಗಿನ ಇನ್ನೂರ ಹನ್ನೆರಡರಲ್ಲಿ ಒಂದಕ್ಕೂ ಏನೂ ಆಗಲಿಲ್ಲ. ಕೌಲನ ಪಕ್ಕೆಲುಬುಗಳೆಲ್ಲ ಮುಚ್ಚಿಕೊಂಡು ಮೈ ತುಂಬಿತ್ತು.

ಡಾಕ್ಟರು ಸರಿ ಎಂದ ದಿನ ಹಂಡನನ್ನು ಊರೊಳಗೆ ತಂದರು. ಕೊಟ್ಟಿಗೆಯಲ್ಲಿ ಉಚ್ಚಂಗಪ್ಪ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು, ಎಡಗಡೆಯ ಜಾಗ ಬಿಟ್ಟುಕೊಟ್ಟು, ಹಂಡನನ್ನು ಅಲ್ಲಿ ಕಟ್ಟಿ, ಹೊಸ ಹುಲ್ಲು ಹಾಕಿ, ದೂರ ನಿಂತು ನೋಡಿದ. ಕೌಲ ಹಂಡನನ್ನು ಮೂಸಿತು, ನೆಕ್ಕಿತು, ಒಪ್ಪಿಕೊಂಡಂತೆಯೇ ಕಂಡಿತು. ಹುಲ್ಲಿಗೆ ಬಾಯಿ ಹಾಕಿತು. ಆಮೇಲೆ ತಲೆಯೆತ್ತಿ ಉಚ್ಚಂಗಪ್ಪನನ್ನು ನೋಡಿತು. ಮತ್ತೆ ನೋಡಿತು. ಬಾಯಿಯ ಹುಲ್ಲನ್ನು ಕೆಳಗೆ ಹಾಕಿತು.

“ಬರೋಲ್ಲ ಹೋಗೋ. ನಿನಗೆ ಜೊತೆ ಬಂದಾತು” ಎಂದ ಉಚ್ಚಂಗಪ್ಪ.

ಕೌಲ ಸುಮ್ಮನೆ ನೋಡುತ್ತ ನಿಂತಿತು.

ಈಗ ಅವರ ಕೊಟ್ಟಿಗೆಗೆ ಹೋದರೆ ಗೋದಲಿಯ ಮುಂದೆ ಸಾಲು ಹೀಗಿರುತ್ತದೆ: ಬಲಕ್ಕೆ ಕೌಲ, ಎಡಕ್ಕೆ ಹಂಡ, ನಡುವೆ ಮೂರುಕಾಲಿನ ಮಣೆಯ ಮೇಲೆ ಉಚ್ಚಂಗಪ್ಪ. ನಾಲ್ಕು ಕಾಲಲ್ಲಿ ನಿಲ್ಲುವುದಕ್ಕೆ ಮಾತ್ರ ಕೌಲ ರಿಯಾಯಿತಿ ಕೊಟ್ಟಿದೆ. ಮೊದಮೊದಲು ಸುಂಕಲಮ್ಮ ಒಳಮನೆಯಿಂದ ಕೂಗಿ ಕೂಗಿ ಊಟಕ್ಕೆ ಕರೆಯುತ್ತಿದ್ದಳು. ಒಂದು ದಿನ ಎರಡು ತಟ್ಟೆ ಹಿಡಿದುಕೊಂಡು ಅವಳೇ ಬಂದಳು.

“ಒಬ್ಬಳೇ ತಿಂದ್ರೆ ನನಗೂ ಸೇರಲ್ಲ. ಸ್ವಲ್ಪ ಆ ಕಡೆ ಸರೀರಿ” ಎಂದಳು.

ಉಚ್ಚಂಗಪ್ಪ ಸರಿಯಲಿಲ್ಲ. ಕೌಲ ಸರಿಯಿತು.